1992ರ ಮಾರುತಿ 800: ಬೆಳಿಗ್ಗೆ ಸ್ಟಾರ್ಟಿಂಗ್ ತೊಂದರೆ, ಏರಿನಲ್ಲಿ ಮಿಸ್ಸಿಂಗ್ – ಪರೀಕ್ಷೆ ಎಲ್ಲಿಂದ ಆರಂಭಿಸಬೇಕು?

ತುಂಗಾತೀರ (ತೀರ್ಥಹಳ್ಳಿ)

ನಮ್ಮ ಮನೆಯಲ್ಲಿ 1992ರ ಮಾರುತಿ 800 ಇದೆ. ಕಾರ್ಬ್ಯುರೇಟರ್ (ಪೆಟ್ರೋಲಿಗೆ ಗಾಳಿ ಬೆರೆಸುವ ಭಾಗ) ಇರುವ, ಪಾಯಿಂಟ್ (ಕಿಡಿ ಹಾರಲು ವಿದ್ಯುತ್ತನ್ನು ಕಡಿಯುವ ಸ್ವಿಚ್) ಮತ್ತು ಅದು ಸುಡದಂತೆ ಕಾಯುವ ಕಂಡೆನ್ಸರ್‌ನಿಂದ ಕಿಡಿ ಪಡೆಯುವ ಗಾಡಿ. ಮಳೆಗಾಲ ಆರಂಭವಾದಂದಿನಿಂದ ಮೂರು ತೊಂದರೆಗಳು ಕಾಣಿಸಿಕೊಂಡಿವೆ. ಬೆಳಿಗ್ಗೆ ಚೋಕ್ ಎಳೆದು ಬಹಳ ಹೊತ್ತು ಸೆಲ್ಫ್ ಹೊಡೆದರೆ ಮಾತ್ರ ಎಂಜಿನ್ ಹಿಡಿಯುತ್ತದೆ. ಹಿಡಿದ ಮೇಲೂ ಬಿಸಿಯಾಗುವ ತನಕ ಒಂದು ಸಿಲಿಂಡರ್ ಕೆಲಸ ಮಾಡದಂತೆ ಇಡೀ ಗಾಡಿ ನಡುಗುತ್ತದೆ. ಸಮತಟ್ಟಾದ ರಸ್ತೆಯಲ್ಲಿ ಸರಿಯಾಗಿಯೇ ಓಡುತ್ತದೆ, ಆದರೆ ಸೋಮೇಶ್ವರದಿಂದ ಆಗುಂಬೆ ಘಾಟಿ ಹತ್ತುವಾಗ ಆಕ್ಸಿಲರೇಟರ್ ಒತ್ತಿದಷ್ಟೂ ಮಿಸ್ಸಿಂಗ್ (ನಡುನಡುವೆ ಉರಿ ತಪ್ಪಿ ಎಂಜಿನ್ ತಡವರಿಸುವುದು) ಹೆಚ್ಚುತ್ತದೆ. ಮೂರನೆಯದಾಗಿ, ದೂರ ಓಡಿಸಿ ನಿಲ್ಲಿಸಿದ ಸ್ವಲ್ಪ ಹೊತ್ತಿನಲ್ಲಿ ಮತ್ತೆ ಸ್ಟಾರ್ಟ್ ಮಾಡಲು ಹೋದರೆ ಕೆಲವೊಮ್ಮೆ ಏನು ಮಾಡಿದರೂ ಹಿಡಿಯುವುದಿಲ್ಲ. ತಣ್ಣಗಾದ ಮೇಲೆ ತಾನಾಗಿಯೇ ಸರಿಹೋಗುತ್ತದೆ.

ಊರಿನ ಗ್ಯಾರೇಜಿನಲ್ಲಿ ಮೂರೂ ಪ್ಲಗ್, ಇಗ್ನಿಷನ್ ಕಾಯಿಲ್ (ಕಿಡಿಗೆ ಬೇಕಾದ ಹೆಚ್ಚಿನ ವೋಲ್ಟೇಜ್ ಕೊಡುವ ಭಾಗ) ಮತ್ತು ಕಾರ್ಬ್ಯುರೇಟರ್ ಕಿಟ್ ಬದಲಾಯಿಸಿದ್ದಾರೆ. ತೊಂದರೆ ಹಾಗೆಯೇ ಇದೆ. ಈಗ ಕಾರ್ಬ್ಯುರೇಟರನ್ನೇ ಪೂರ್ತಿ ಬದಲಾಯಿಸಬೇಕೆಂದು ಹೇಳುತ್ತಿದ್ದಾರೆ. ಹಣ ಸುರಿಯುವ ಮೊದಲು ಯಾವ ಕ್ರಮದಲ್ಲಿ ಪರೀಕ್ಷಿಸಬೇಕೆಂದು ತಿಳಿದವರು ಹೇಳಿದರೆ ಉಪಕಾರವಾಗುತ್ತದೆ. ನನ್ನ ಬಳಿ ಸಾಮಾನ್ಯ ಮಲ್ಟಿಮೀಟರ್ ಇದೆ, ಪ್ಲಗ್ ಪಾನಾ ಮತ್ತು ಫೀಲರ್ ಗೇಜ್ ಇವೆ.

ಹಳೆಗಾಡಿ ಹುಬ್ಬಳ್ಳಿ

ಕಾರ್ಬ್ಯುರೇಟರ್ ಖರೀದಿಸಬೇಡಿ ಸರ್. ನೀವು ಹೇಳಿರುವ ಮೂರೂ ತೊಂದರೆಗಳಿಗೆ ಒಂದೇ ಕಾರಣ ಇರಬೇಕೆಂದು ಎಲ್ಲರೂ ಭಾವಿಸುವುದರಿಂದಲೇ ಒಂದಾದ ಮೇಲೊಂದು ಭಾಗ ಬದಲಾಗುತ್ತಾ ಹೋಗುತ್ತದೆ. ತಣ್ಣಗಿರುವಾಗ ಬರುವ ತೊಂದರೆ, ಭಾರ ಬಿದ್ದಾಗ ಬರುವ ತೊಂದರೆ, ಬಿಸಿಯಾಗಿ ನಿಂತಾಗ ಬರುವ ತೊಂದರೆ – ಇವು ಮೂರು ಬೇರೆ ಬೇರೆ ಪ್ರಶ್ನೆಗಳು. ತೊಂದರೆ ಯಾವ ಹೊತ್ತಿನಲ್ಲಿ ಕಾಣಿಸಿಕೊಳ್ಳುತ್ತದೋ ಆ ಹೊತ್ತಿನಲ್ಲಿಯೇ ಅಳೆಯಬೇಕು. ಗ್ಯಾರೇಜಿಗೆ ತಲುಪುವ ವೇಳೆಗೆ ನಿಮ್ಮ ಗಾಡಿ ಹದವಾಗಿ ಬಿಸಿಯಾಗಿ ಚೆನ್ನಾಗಿಯೇ ನಡೆಯುತ್ತಿರುತ್ತದೆ. ಅಲ್ಲಿ ಮಾಡುವ ಪರೀಕ್ಷೆಯಿಂದ ಏನೂ ಸಿಗುವುದಿಲ್ಲ.

ಮೊದಲು ಬೆಳಗಿನ ತೊಂದರೆ. ರಾತ್ರಿಯಿಡೀ ನಿಂತ ಗಾಡಿಯ ಬ್ಯಾಟರಿ 12.6 ವೋಲ್ಟ್ ಆಸುಪಾಸಿನಲ್ಲಿರಬೇಕು. ಮನೆಯವರೊಬ್ಬರಿಗೆ ಸೆಲ್ಫ್ ಹೊಡೆಯಲು ಹೇಳಿ, ಅದೇ ಸಮಯದಲ್ಲಿ ಬ್ಯಾಟರಿಯ ಎರಡು ಟರ್ಮಿನಲ್‌ಗಳ ನಡುವೆ ಅಳೆಯಿರಿ; 9.6ಕ್ಕಿಂತ ಕೆಳಗಿಳಿಯಬಾರದು. ಇಷ್ಟನ್ನು ಹಲವರು ಮಾಡುತ್ತಾರೆ. ಆದರೆ ಮುಂದಿನ ಎರಡು ಅಳತೆಗಳು ಹೆಚ್ಚು ಮುಖ್ಯ. ಸೆಲ್ಫ್ ತಿರುಗುತ್ತಿರುವಾಗ ಬ್ಯಾಟರಿಯ ನೆಗೆಟಿವ್ ಕಂಬಕ್ಕೂ ಎಂಜಿನ್ನಿನ ಶುಭ್ರವಾದ ಲೋಹದ ಭಾಗಕ್ಕೂ ನಡುವೆ ಎಷ್ಟು ವೋಲ್ಟ್ ಬರುತ್ತದೆ ನೋಡಿ. ಅರ್ಧ ವೋಲ್ಟ್ ದಾಟಿದರೆ ಅರ್ಥಿಂಗ್ ಪಟ್ಟಿ ಸರಿಯಿಲ್ಲ. ಹಾಗೆಯೇ ಕಾಯಿಲ್‌ನ ಪಾಸಿಟಿವ್ ತುದಿಯಲ್ಲಿ ಎಷ್ಟು ತಲುಪುತ್ತಿದೆ ನೋಡಿ. ಹಳೆಯ ಗಾಡಿಗಳಲ್ಲಿ ಇಗ್ನಿಷನ್ ಸ್ವಿಚ್‌ನ ಒಳಗಿನ ಸಂಪರ್ಕ ಸವೆದು ಸೆಲ್ಫ್ ತಿರುಗುವ ಹೊತ್ತಿನಲ್ಲೇ ಕಾಯಿಲ್‌ಗೆ ವಿದ್ಯುತ್ ಸಾಲದಂತಾಗುತ್ತದೆ. ಎಂಜಿನ್ ಜೋರಾಗಿಯೇ ತಿರುಗುತ್ತಿರುತ್ತದೆ, ಕಿಡಿ ಮಾತ್ರ ದುರ್ಬಲವಾಗಿರುತ್ತದೆ, ಆಪಾದನೆ ಕಾರ್ಬ್ಯುರೇಟರ್ ಮೇಲೆ ಬರುತ್ತದೆ.

ಎರಡನೆಯದಾಗಿ, ಮೂರು ಪ್ಲಗ್‌ಗಳನ್ನೂ ಬಿಚ್ಚಿ, ಯಾವುದು ಯಾವ ಸಿಲಿಂಡರಿನದೆಂದು ಗುರುತು ಹಾಕಿ ಪಕ್ಕಪಕ್ಕದಲ್ಲಿಟ್ಟು ನೋಡಿ. ಮೂರೂ ಒಂದೇ ಬಣ್ಣದಲ್ಲಿದ್ದರೆ ತೊಂದರೆ ಎಲ್ಲ ಸಿಲಿಂಡರ್‌ಗಳಿಗೂ ಸೇರಿದ್ದು; ಒಂದು ಮಾತ್ರ ಬೇರೆಯಾಗಿದ್ದರೆ ಹುಡುಕಾಟ ಆ ಒಂದು ಸಿಲಿಂಡರಿಗೆ ಸೀಮಿತವಾಗುತ್ತದೆ. ಕೊನೆಯದಾಗಿ, ಎಮಿಷನ್ ಟೆಸ್ಟ್ ಮಾಡಿಸಿದ ಚೀಟಿ ಇದ್ದರೆ ಅದರ ಅಂಕಿಗಳನ್ನು ಬರೆಯಿರಿ. ಆ ಚೀಟಿಯನ್ನು ಪೊಲೀಸರಿಗೆ ತೋರಿಸಲೆಂದು ಮಾತ್ರ ಇಟ್ಟುಕೊಳ್ಳುವುದು ನನಗೆ ಬೇಸರ ತರಿಸುತ್ತದೆ, ಏಕೆಂದರೆ ಅದರಷ್ಟು ಅಗ್ಗದ ತಪಾಸಣೆ ಬೇರೊಂದಿಲ್ಲ. ಕಾರ್ಬನ್ ಮಾನಾಕ್ಸೈಡ್ ಹೆಚ್ಚಿದ್ದರೆ ಪೆಟ್ರೋಲ್ ಜಾಸ್ತಿ ಹೋಗುತ್ತಿದೆ ಎಂದರ್ಥ. ಹೈಡ್ರೋಕಾರ್ಬನ್ ಮಾತ್ರ ಹೆಚ್ಚಿದ್ದರೆ ಒಳಗೆ ಹೋದ ಪೆಟ್ರೋಲ್ ಉರಿಯದೆಯೇ ಹೊರಬರುತ್ತಿದೆ ಎಂದರ್ಥ. ನಿಮ್ಮ ಕಾಲದ ಪೆಟ್ರೋಲ್ ಕಾರಿಗೆ ಮಿತಿ ಕ್ರಮವಾಗಿ ಶೇ. 3 ಮತ್ತು 1500 ಪಿಪಿಎಂ.

ಕಾಫಿತೋಟ ಕೊಪ್ಪ

ಇಷ್ಟೆಲ್ಲ ಅಳತೆ ಬೇಕಾಗಿಲ್ಲ ಎಂದು ನನ್ನ ಅಭಿಪ್ರಾಯ. ಇದು ಎಥನಾಲ್ ಬೆರೆಸಿದ ಪೆಟ್ರೋಲಿನ ಕೆಲಸ. ಶೇ. 20 ಎಥನಾಲ್ ಇರುವ ಪೆಟ್ರೋಲನ್ನು 2023ರ ಫೆಬ್ರವರಿಯಲ್ಲಿ ನಮ್ಮ ಬೆಂಗಳೂರಿನಲ್ಲಿಯೇ ಬಿಡುಗಡೆ ಮಾಡಿದರು. ಈಗ ಬಂಕುಗಳಲ್ಲಿ ಅದೇ ಸಿಗುತ್ತದೆ. ಹಳೆಯ ಗಾಡಿಯ ರಬ್ಬರು ಅದನ್ನು ತಡೆಯುವುದಿಲ್ಲ, ಅದು ನೀರನ್ನೂ ಎಳೆದುಕೊಳ್ಳುತ್ತದೆ. ಮಳೆಗಾಲದಲ್ಲೇ ತೊಂದರೆ ಆರಂಭವಾಗಿರುವುದು ಇದಕ್ಕೆ ಸಾಕ್ಷಿ. ಜೆಟ್ (ಕಾರ್ಬ್ಯುರೇಟರಿನಲ್ಲಿ ಪೆಟ್ರೋಲ್ ಹಾಯುವ ಸಣ್ಣ ರಂಧ್ರ) ದೊಡ್ಡದು ಮಾಡಿಸಿದರೆ ಸರಿಹೋಗುತ್ತದೆ.

ಪ್ಲಗ್ ಕಣ್ಣು (ಬೆಂಗಳೂರು)

ಕೊಪ್ಪದವರ ಮಾತಿನಲ್ಲಿ ಸತ್ಯವಿದೆ, ಆದರೆ ಅದು ಈ ಗಾಡಿಯ ಲಕ್ಷಣಕ್ಕೆ ಹೊಂದುವುದಿಲ್ಲ. ಶುದ್ಧ ಪೆಟ್ರೋಲ್ ಪೂರ್ತಿ ಉರಿಯಲು ತೂಕದಲ್ಲಿ 14.7 ಪಾಲು ಗಾಳಿ ಬೇಕು, ಎಥನಾಲಿಗೆ 9 ಪಾಲು ಸಾಕು. ಐದರಲ್ಲೊಂದು ಪಾಲು ಎಥನಾಲ್ ಬೆರೆತಾಗ ಈ ಲೆಕ್ಕ 13.5ರ ಹತ್ತಿರಕ್ಕೆ ಬರುತ್ತದೆ. ಜೆಟ್ ಮೊದಲಿನದೇ ಆಗಿದ್ದರೆ ಮಿಶ್ರಣ ಸ್ವಲ್ಪ ತೆಳುವಾಗುತ್ತದೆ, ತಣ್ಣನೆಯ ಎಂಜಿನ್ ಹಿಡಿಯಲು ಚೋಕ್ ಹೆಚ್ಚು ಬೇಕಾಗುತ್ತದೆ. ಆದರೆ ಮಿಶ್ರಣ ತೆಳುವಾದರೆ ಅದು ಒಂದೇ ಕಾರ್ಬ್ಯುರೇಟರಿನಿಂದ ಮೂರೂ ಸಿಲಿಂಡರ್‌ಗಳಿಗೆ ಹಂಚಿಹೋಗುತ್ತದೆ. ತುಂಗಾತೀರದವರು ಒಂದು ಸಿಲಿಂಡರ್ ಸತ್ತಂತೆ ಎಂದು ಸ್ಪಷ್ಟವಾಗಿ ಬರೆದಿದ್ದಾರೆ. ಪೆಟ್ರೋಲ್ ಒಂದೇ ಸಿಲಿಂಡರನ್ನು ಆರಿಸಿಕೊಂಡು ಕಾಡುವುದಿಲ್ಲ. ಕಾರಣ ತಿಳಿಯುವ ಮೊದಲು ಜೆಟ್ ಕೊರೆಸಿದರೆ ಒಂದು ತೊಂದರೆಯ ಜೊತೆಗೆ ಇನ್ನೊಂದು ಸೇರಿಕೊಳ್ಳುತ್ತದೆ, ಮತ್ತು ಕೊರೆದ ಜೆಟ್ಟನ್ನು ಮತ್ತೆ ಚಿಕ್ಕದು ಮಾಡಲಾಗುವುದಿಲ್ಲ. ನೀರಿನ ಸಂದೇಹವಿದ್ದರೆ ಪಂಪಿನ ಪೈಪಿನಿಂದ ಸ್ವಲ್ಪ ಪೆಟ್ರೋಲನ್ನು ಗಾಜಿನ ಸೀಸೆಗೆ ಹಿಡಿದು ರಾತ್ರಿಯಿಡೀ ಇಡಿ. ನೀರು ಮಿತಿಮೀರಿದ್ದರೆ ಎಥನಾಲನ್ನೂ ಸೇರಿಸಿಕೊಂಡು ತಳದಲ್ಲಿ ಬೇರೆ ಪದರವಾಗಿ ನಿಲ್ಲುತ್ತದೆ.

ಈಗ ಕಿಡಿಯ ವಿಷಯ. ಆಡುಗೋಡಿಯ ಮೈಕೋ ಕಾರ್ಖಾನೆಯಿಂದ, ಅಂದರೆ 2008ರಲ್ಲಿ ಬಾಷ್ ಎಂದು ಹೆಸರು ಬದಲಾಯಿಸಿಕೊಂಡ ಕಂಪನಿಯಿಂದ, ದೇಶಕ್ಕೆಲ್ಲ ಪ್ಲಗ್ ಹೋಗುತ್ತಿದ್ದ ಕಾಲದಿಂದಲೂ ನಮ್ಮ ಊರಿನಲ್ಲಿ ಪ್ಲಗ್ ನೋಡಿಯೇ ಎಂಜಿನ್ನಿನ ಆರೋಗ್ಯ ಹೇಳುವವರಿದ್ದಾರೆ. ಅವರಿಂದ ಕಲಿತ ಮುಖ್ಯ ಸಂಗತಿಯೊಂದನ್ನು ಇಲ್ಲಿ ವಿವರವಾಗಿ ಹೇಳಬೇಕೆನಿಸುತ್ತದೆ. ಪ್ಲಗ್ ಬಿಚ್ಚಿ, ಎಂಜಿನ್ ಮೇಲಿಟ್ಟು, ಸೆಲ್ಫ್ ಹೊಡೆದು, ಕಿಡಿ ಹಾರಿದರೆ ‘ಕರೆಂಟ್ ಇದೆ’ ಎಂದು ತೀರ್ಮಾನಿಸುವುದು ಎಲ್ಲ ಕಡೆ ರೂಢಿ. ಬಯಲಿನ ಗಾಳಿಯಲ್ಲಿ 0.7 ಮಿಲಿಮೀಟರ್ ಅಂತರವನ್ನು ದಾಟಲು ಎರಡು ಮೂರು ಸಾವಿರ ವೋಲ್ಟ್ ಸಾಕು. ಅದೇ ಅಂತರವನ್ನು ಸಿಲಿಂಡರಿನೊಳಗೆ, ಒತ್ತಿಹಿಡಿದ ಮಿಶ್ರಣದ ನಡುವೆ ದಾಟಬೇಕಾದರೆ ಹತ್ತು ಸಾವಿರಕ್ಕೂ ಹೆಚ್ಚು ಬೇಕಾಗುತ್ತದೆ. ನೀವು ಏರಿನಲ್ಲಿ ಆಕ್ಸಿಲರೇಟರ್ ಒತ್ತಿದಾಗ ಥ್ರಾಟಲ್ ಪೂರ್ತಿ ತೆರೆದು ಸಿಲಿಂಡರ್ ತುಂಬುತ್ತದೆ, ಒತ್ತಡ ಹೆಚ್ಚುತ್ತದೆ, ಬೇಕಾಗುವ ವೋಲ್ಟೇಜ್ ಇನ್ನೂ ಏರುತ್ತದೆ. ಆಗ ವಿದ್ಯುತ್ತಿಗೆ ಪ್ಲಗ್ಗಿನ ತುದಿಗಿಂತ ಸುಲಭವಾದ ಬೇರೆ ದಾರಿ ಎಲ್ಲಾದರೂ ಇದ್ದರೆ, ಅಂದರೆ ಕಿಡಿಯನ್ನು ಸರದಿಯಂತೆ ಪ್ಲಗ್ಗುಗಳಿಗೆ ಹಂಚುವ ಡಿಸ್ಟ್ರಿಬ್ಯೂಟರಿನ ಕ್ಯಾಪಿನಲ್ಲಿ ಕೂದಲೆಳೆಯಷ್ಟು ಸೀಳು, ಪ್ಲಗ್ ವೈರಿನ ಒಡೆದ ರಬ್ಬರು, ತೇವ ಹಿಡಿದ ಧೂಳು ಇದ್ದರೆ, ಅದು ಆ ದಾರಿಯಲ್ಲೇ ಹೋಗುತ್ತದೆ. ಒಡೆದ ಕಾಲುವೆಯ ನೀರು ಕೊನೆಯ ಗದ್ದೆಗೆ ಮುಟ್ಟುವುದಿಲ್ಲವಲ್ಲ, ಹಾಗೆ. ಸಮತಟ್ಟಿನಲ್ಲಿ ಸರಿ, ಏರಿನಲ್ಲಿ ಮಿಸ್ಸಿಂಗ್, ಮಳೆಗಾಲದಲ್ಲಿ ಹೆಚ್ಚು – ಈ ಮೂರೂ ಒಟ್ಟಿಗೆ ಬಂದಾಗ ನಾನು ಮೊದಲು ಕ್ಯಾಪ್ ಮತ್ತು ವೈರುಗಳನ್ನೇ ನೋಡುತ್ತೇನೆ.

ಇದನ್ನು ತಿಳಿಯಲು ಖರ್ಚಿಲ್ಲ. ರಾತ್ರಿ ದೀಪ ಆರಿಸಿ, ಬಾನೆಟ್ ತೆರೆದು, ಎಂಜಿನ್ ಓಡುತ್ತಿರುವಾಗ ಕ್ಯಾಪ್ ಮತ್ತು ವೈರುಗಳ ಮೇಲೆ ನೀರನ್ನು ತುಂತುರಾಗಿ ಹಾಯಿಸಿ. ಸೋರುತ್ತಿರುವ ಜಾಗದಲ್ಲಿ ನೀಲಿ ಕಿಡಿ ಹರಿದಾಡುವುದು ಕಣ್ಣಿಗೇ ಕಾಣುತ್ತದೆ. ಈ ಕೆಲಸಕ್ಕೆ ಪೆಟ್ರೋಲ್ ಅಥವಾ ಕಾರ್ಬ್ಯುರೇಟರ್ ಕ್ಲೀನರ್ ಸ್ಪ್ರೇ ಬಳಸಲೇಬೇಡಿ, ಬೆಂಕಿ ಹತ್ತುತ್ತದೆ. ಕೈ ಕೂಡ ಹತ್ತಿರ ಒಯ್ಯಬೇಡಿ.

ಇನ್ನೊಂದು ಪರೀಕ್ಷೆ ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು. ಸುಮ್ಮನೆ ಓಡುತ್ತಿರುವ ಎಂಜಿನ್ನಿನ ಪ್ಲಗ್ ವೈರುಗಳನ್ನು ಹಿಡಿಯ ರಬ್ಬರು ಚೆನ್ನಾಗಿರುವ ಇಕ್ಕಳದಿಂದ ಒಂದೊಂದಾಗಿ ತೆಗೆದು ಹಾಕಿ. ಮೂರೇ ಸಿಲಿಂಡರ್ ಇರುವುದರಿಂದ, ಕೆಲಸ ಮಾಡುತ್ತಿರುವ ಸಿಲಿಂಡರಿನ ವೈರ್ ತೆಗೆದ ಕೂಡಲೇ ಎಂಜಿನ್ ನಿಲ್ಲುವಷ್ಟು ಕುಗ್ಗುತ್ತದೆ. ಸತ್ತ ಸಿಲಿಂಡರಿನದನ್ನು ತೆಗೆದರೆ ಬದಲಾವಣೆಯೇ ಇರುವುದಿಲ್ಲ. ತೆಗೆದ ವೈರನ್ನು ಗಾಳಿಯಲ್ಲಿ ತೂಗಲು ಬಿಡದೆ ಒಂದು ಹೆಚ್ಚುವರಿ ಪ್ಲಗ್ಗಿಗೆ ಸಿಕ್ಕಿಸಿ, ಆ ಪ್ಲಗ್ಗಿನ ಲೋಹವನ್ನು ಎಂಜಿನ್ನಿಗೆ ತಾಗಿಸಿಡಿ. ಸತ್ತ ಸಿಲಿಂಡರ್ ಯಾವುದೆಂದು ತಿಳಿದ ಮೇಲೆ ಅದರ ಪ್ಲಗ್ಗನ್ನು ಪಕ್ಕದ ಸಿಲಿಂಡರಿಗೆ ಹಾಕಿ ನೋಡಿ. ತೊಂದರೆ ಪ್ಲಗ್ಗಿನ ಜೊತೆ ಹೋಯಿತೇ? ಇಲ್ಲವಾದರೆ ವೈರ್ ಅದಲುಬದಲು ಮಾಡಿ. ಅದಕ್ಕೂ ಕದಲದಿದ್ದರೆ ಉಳಿಯುವುದು ಕ್ಯಾಪಿನ ಆ ಕಂಬ, ಇಲ್ಲವೇ ಸಿಲಿಂಡರೇ. ಒಂದು ರೂಪಾಯಿ ಖರ್ಚಿಲ್ಲದೆ ಅರ್ಧ ಗ್ಯಾರೇಜಿನ ಕೆಲಸ ಮುಗಿಯುತ್ತದೆ. ವೈರ್ ಹಾಕುವಾಗ ಕಿಡಿಯ ಸರದಿ 1-3-2 ಎಂಬುದು ನೆನಪಿರಲಿ.

ತುಂಗಾತೀರ (ತೀರ್ಥಹಳ್ಳಿ)

ತಾವೆಲ್ಲ ಇಷ್ಟು ವಿವರವಾಗಿ ಬರೆದಿದ್ದಕ್ಕೆ ಕೃತಜ್ಞತೆಗಳು. ಹೇಳಿದ ಕ್ರಮದಲ್ಲೇ ಮಾಡಿದೆ. ಬೆಳಿಗ್ಗೆ ಬ್ಯಾಟರಿ 12.5 ಇತ್ತು, ಸೆಲ್ಫ್ ಹೊಡೆಯುವಾಗ 10.2ಕ್ಕೆ ಇಳಿಯಿತು. ಆದರೆ ಬ್ಯಾಟರಿಯ ನೆಗೆಟಿವ್‌ಗೂ ಎಂಜಿನ್ನಿಗೂ ನಡುವೆ 1.3 ವೋಲ್ಟ್ ತೋರಿಸುತ್ತಿದೆ. ಅರ್ಥಿಂಗ್ ಪಟ್ಟಿ ಬಿಚ್ಚಿ ನೋಡಿದರೆ ಬೋಲ್ಟಿನ ಅಡಿಯಲ್ಲಿ ಹಸಿರು ಕಿಲುಬು ತುಂಬಿತ್ತು, ಎಳೆಗಳಲ್ಲಿ ಅರ್ಧದಷ್ಟು ಕಡಿದುಹೋಗಿದ್ದವು.

ಪ್ಲಗ್‌ಗಳಲ್ಲಿ 1 ಮತ್ತು 3 ತಿಳಿಕಂದು ಬಣ್ಣದಲ್ಲಿವೆ, 2ನೆಯದು ಕಪ್ಪಗಾಗಿ ಪೆಟ್ರೋಲಿನಿಂದ ಒದ್ದೆಯಾಗಿದೆ. ಎಮಿಷನ್ ಚೀಟಿಯಲ್ಲಿ ಕಾರ್ಬನ್ ಮಾನಾಕ್ಸೈಡ್ ಶೇ. 1.1, ಹೈಡ್ರೋಕಾರ್ಬನ್ 1420 ಇದೆ. ತಣ್ಣನೆಯ ಎಂಜಿನ್ನಿನಲ್ಲಿ 2ನೆಯ ವೈರ್ ತೆಗೆದರೆ ವ್ಯತ್ಯಾಸವೇ ಇಲ್ಲ. ಪ್ಲಗ್ ಅದಲುಬದಲು ಮಾಡಿದರೂ, ವೈರ್ ಬದಲಾಯಿಸಿದರೂ ತೊಂದರೆ 2ರಲ್ಲಿಯೇ ಉಳಿಯಿತು. ರಾತ್ರಿ ನೀರು ಚಿಮುಕಿಸಿ ನೋಡಿದಾಗ ಕ್ಯಾಪಿನ 2ನೆಯ ಕಂಬದ ಬುಡದಿಂದ ಪಕ್ಕದ ಸ್ಕ್ರೂ ಕಡೆಗೆ ಸಣ್ಣ ನೀಲಿ ಎಳೆ ಹರಿಯುವುದು ಕಾಣಿಸಿತು. ಕ್ಯಾಪ್ ತೆಗೆದು ಬೆಳಕಿಗೆ ಹಿಡಿದರೆ ಒಳಗೆ ಪೆನ್ಸಿಲಿನಲ್ಲಿ ಗೀಚಿದಂತಹ ಕಪ್ಪು ಗೆರೆಯಿದೆ. ಹೊಸ ಕ್ಯಾಪ್ ತರಿಸಲೇ?

ಹಳೆಗಾಡಿ ಹುಬ್ಬಳ್ಳಿ

ಖಂಡಿತ ತರಿಸಿ, ಜೊತೆಗೆ ಅದರೊಳಗೆ ತಿರುಗುವ ರೋಟರ್ ಕೂಡ. ಆ ಕಪ್ಪು ಗೆರೆ ಇಂಗಾಲದ್ದು. ಒಮ್ಮೆ ದಾರಿ ಬಿದ್ದ ಮೇಲೆ ಉಜ್ಜಿ ಒರೆಸಿದರೂ ವಿದ್ಯುತ್ ಅಲ್ಲಿಯೇ ಹರಿಯುತ್ತದೆ. ಹೊಸ ಕ್ಯಾಪಿನ ನಡುವಿನ ಕಾರ್ಬನ್ ಕಡ್ಡಿ ಸ್ಪ್ರಿಂಗ್ ಮೇಲೆ ಸಲೀಸಾಗಿ ಆಡುತ್ತದೆಯೇ ಎಂದು ಅಂಗಡಿಯಲ್ಲೇ ಒತ್ತಿ ನೋಡಿ. ನಿಮ್ಮ ಚೀಟಿಯೂ ಇದನ್ನೇ ಹೇಳುತ್ತಿತ್ತು: ಕಾರ್ಬನ್ ಮಾನಾಕ್ಸೈಡ್ ಕಡಿಮೆ, ಹೈಡ್ರೋಕಾರ್ಬನ್ ಮಿತಿಯ ಅಂಚಿನಲ್ಲಿ. ಪೆಟ್ರೋಲ್ ಹದವಾಗಿಯೇ ಹೋಗುತ್ತಿದೆ, ಉರಿಯುತ್ತಿಲ್ಲ. ಪಾಸಾದ ಚೀಟಿ ಎಂದು ಯಾರೂ ಅದನ್ನು ಓದಲಿಲ್ಲ.

ಅರ್ಥಿಂಗ್ ಪಟ್ಟಿಯನ್ನು ತೊಳೆದು ಹಾಕುವ ಬದಲು ಹೊಸದನ್ನೇ ಹಾಕಿ. ಬೋಲ್ಟ್ ಕೂರುವ ಜಾಗವನ್ನು ಲೋಹ ಹೊಳೆಯುವಂತೆ ಉಜ್ಜಿ, ಬಿಗಿ ಮಾಡಿದ ಮೇಲೆ ಗ್ರೀಸ್ ಸವರಿ.

ಟಪೆಟ್ ಕಿವಿ (ಮಂಗಳೂರು)

ಕ್ಯಾಪ್ ದೊರೆತಿದ್ದು ಸಂತೋಷ, ಆದರೂ 2ನೆಯ ಸಿಲಿಂಡರಿನ ಕಂಪ್ರೆಷನ್ (ಪಿಸ್ಟನ್ ಒತ್ತಿದಾಗ ಒಳಗೆ ಏರುವ ಒತ್ತಡ) ಅಳೆಯದೆ ಕಡತ ಮುಚ್ಚಬೇಡಿ. ಒದ್ದೆ ಪ್ಲಗ್ ಕಿಡಿಯಿಲ್ಲದ್ದರಿಂದಲೂ ಆಗುತ್ತದೆ, ಕಂಪ್ರೆಷನ್ ಇಲ್ಲದ್ದರಿಂದಲೂ ಆಗುತ್ತದೆ. ಮೂರೂ ಪ್ಲಗ್ ಬಿಚ್ಚಿ, ಕಾಯಿಲ್‌ನ ವಿದ್ಯುತ್ ತಪ್ಪಿಸಿ, ಆಕ್ಸಿಲರೇಟರ್ ಪೂರ್ತಿ ಒತ್ತಿಹಿಡಿದು ಸೆಲ್ಫ್ ಹೊಡೆಯಬೇಕು. ಹಳೆಯ ಎಂಜಿನ್ನಿನಲ್ಲಿ ಅಂಕಿಯ ಎತ್ತರಕ್ಕಿಂತ ಮೂರರ ನಡುವಿನ ವ್ಯತ್ಯಾಸ ಮುಖ್ಯ, ಶೇ. 10ರಿಂದ 15ಕ್ಕಿಂತ ಹೆಚ್ಚಿರಬಾರದು. ಒಂದು ಕಡಿಮೆ ಬಂದರೆ ಆ ಸಿಲಿಂಡರಿಗೆ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆಯಿರಿ. ಏರಿದರೆ ಪಿಸ್ಟನ್ ರಿಂಗ್ ಸವೆದಿದೆ, ಏರದಿದ್ದರೆ ವಾಲ್ವ್ ಸೋರುತ್ತಿದೆ. ಅಕ್ಕಪಕ್ಕದ ಎರಡೂ ಒಟ್ಟಿಗೆ ಕಡಿಮೆಯಾದರೆ ಹೆಡ್ ಗ್ಯಾಸ್ಕೆಟ್.

ಟಪೆಟ್ (ವಾಲ್ವ್ ಮೇಲಿನ ಅಂತರ) ಕೂಡ ನೋಡಿ. ಸಡಿಲವಾದ ಟಪೆಟ್ ಟಕಟಕ ಸದ್ದು ಮಾಡಿ ತಾನೇ ಹೇಳಿಕೊಳ್ಳುತ್ತದೆ; ಬಿಗಿಯಾದದ್ದು ಮೌನವಾಗಿ ವಾಲ್ವನ್ನು ಸುಡುತ್ತದೆ. ವಿಶೇಷವಾಗಿ ಗ್ಯಾಸ್ ಕಿಟ್ ಹಾಕಿಸಿ ವರ್ಷಗಟ್ಟಲೆ ಓಡಿಸಿದ ಗಾಡಿಗಳಲ್ಲಿ ಎಕ್ಸಾಸ್ಟ್ ವಾಲ್ವ್ ತನ್ನ ಸೀಟಿನೊಳಗೆ ಹೂತುಹೋಗಿ ಅಂತರವೇ ಇಲ್ಲವಾಗುತ್ತದೆ. ಯಾರಾದರೂ ವ್ಯಾಕ್ಯೂಮ್ ಗೇಜ್ (ಎಂಜಿನ್ ಗಾಳಿ ಎಳೆಯುವ ಸೆಳೆತ ಅಳೆಯುವ ಮೀಟರ್) ಹಚ್ಚಿ ನೋಡಿದರೆ ಇನ್ನೊಂದು ಮಾತು ನೆನಪಿರಲಿ. ಪುಸ್ತಕದಲ್ಲಿರುವ 45ರಿಂದ 50 ಸೆಂಟಿಮೀಟರ್ (ಪಾದರಸದ ಅಳತೆ) ಎಂಬ ಅಂಕಿ ಸಮುದ್ರಮಟ್ಟದ್ದು. ನಮ್ಮ ಮಂಗಳೂರಿಗೆ ಅದು ಸರಿ, ಆದರೆ ಎತ್ತರ ಪ್ರತಿ 300 ಮೀಟರ್ ಹೆಚ್ಚಿದಂತೆ ಸುಮಾರು ಎರಡೂವರೆ ಸೆಂಟಿಮೀಟರ್ ಕಡಿಮೆಯಾಗುತ್ತದೆ. ತೀರ್ಥಹಳ್ಳಿಯಲ್ಲಿ ಐದು, ಬೆಂಗಳೂರಿನಲ್ಲಿ ಏಳೂವರೆ ಕಡಿಮೆ ಬಂದರೆ ಎಂಜಿನ್ನಿಗೆ ರೋಗವಿದೆ ಎಂದು ಬಿಚ್ಚಬೇಡಿ. ಮುಳ್ಳು ನಿಂತಲ್ಲೇ ನಿಂತಿದ್ದರೆ ಆಯಿತು. ತಾಳ ಹಾಕಿದಂತೆ ಒಂದೇ ಲಯದಲ್ಲಿ ಬೀಳುತ್ತಿದ್ದರೆ ಒಂದು ವಾಲ್ವ್ ಮೇಲೆ ಸಂದೇಹಪಡಿ.

ತುಂಗಾತೀರ (ತೀರ್ಥಹಳ್ಳಿ)

ಕಂಪ್ರೆಷನ್ 11.4, 10.9, 11.2 ಬಂದಿದೆ, ಅಂದರೆ ಎಂಜಿನ್ ಒಳಗಿನಿಂದ ಗಟ್ಟಿಯಾಗಿದೆ. ಕ್ಯಾಪ್, ರೋಟರ್ ಮತ್ತು ಅರ್ಥಿಂಗ್ ಪಟ್ಟಿ ಬದಲಾಯಿಸಿದ ಮೇಲೆ ಬೆಳಿಗ್ಗೆ ಸ್ವಲ್ಪ ಚೋಕ್ ಎಳೆದರೆ ತಕ್ಷಣ ಹಿಡಿಯುತ್ತದೆ. ಆಗುಂಬೆ ಘಾಟಿಯನ್ನೂ ಜೋರು ಮಳೆಯಲ್ಲೇ ಹತ್ತಿಸಿದೆ, ಎಲ್ಲಿಯೂ ತಡವರಿಸಲಿಲ್ಲ.

ಬಿಸಿಯಾಗಿ ನಿಂತಾಗ ಹಿಡಿಯದಿರುವುದು ಮಾತ್ರ ಹಾಗೆಯೇ ಉಳಿದಿದೆ. ಇದಕ್ಕೆ ಪೆಟ್ರೋಲ್ ಪೈಪಿನಲ್ಲಿ ಆವಿ ಕಟ್ಟಿಕೊಳ್ಳುವುದೇ ಕಾರಣವೆಂದು ಇಲ್ಲಿ ಹಲವರು ಹೇಳುತ್ತಾರೆ.

ಪ್ಲಗ್ ಕಣ್ಣು (ಬೆಂಗಳೂರು)

ಇರಬಹುದು, ಎಥನಾಲ್ ಬೆರೆತ ಪೆಟ್ರೋಲಿನಲ್ಲಿ ಆವಿಯ ತೊಂದರೆ ಕೇಳಿಬರುತ್ತಲೇ ಇದೆ. ಆದರೆ ಊಹಿಸಬೇಕಾದ ಅಗತ್ಯವಿಲ್ಲ. ಗಾಡಿ ಹಿಡಿಯದೆ ನಿಂತ ಆ ಹೊತ್ತಿನಲ್ಲಿಯೇ ಏರ್ ಕ್ಲೀನರ್ ಮುಚ್ಚಳ ತೆಗೆದು, ಕಾರ್ಬ್ಯುರೇಟರಿನ ಬಾಯೊಳಗೆ ನೋಡುತ್ತಾ ಕೈಯಿಂದ ಆಕ್ಸಿಲರೇಟರ್ ಕೇಬಲ್ ಒಮ್ಮೆ ಎಳೆಯಿರಿ. ಪೆಟ್ರೋಲ್ ಸಣ್ಣ ಧಾರೆಯಾಗಿ ಚಿಮ್ಮಿದರೆ ಕಾರ್ಬ್ಯುರೇಟರಿನ ಬೌಲಿನಲ್ಲಿ (ಪೆಟ್ರೋಲ್ ನಿಲ್ಲುವ ಬಟ್ಟಲಿನಲ್ಲಿ) ಪೆಟ್ರೋಲ್ ಇದೆ, ಆವಿಯ ಮಾತು ಬಿಟ್ಟುಬಿಡಿ. ಒಳಗೆ ಪೆಟ್ರೋಲ್ ತೊಟ್ಟಿಕ್ಕುತ್ತಿದ್ದು ಗಾಢ ವಾಸನೆ ಬಂದರೆ ಅದು ಓವರ್‌ಫ್ಲೋ. ಆಕ್ಸಿಲರೇಟರ್ ಪೂರ್ತಿ ಒತ್ತಿಹಿಡಿದು ಸೆಲ್ಫ್ ಹೊಡೆದರೆ ಹಿಡಿಯಬೇಕು. ಧಾರೆ ಸರಿಯಾಗಿ ಬರುತ್ತಿದ್ದರೆ, ಕಾಯಿಲ್‌ನಿಂದ ಬರುವ ದಪ್ಪ ವೈರಿನ ತುದಿಯನ್ನು ಇಕ್ಕಳದಲ್ಲಿ ಹಿಡಿದು ಎಂಜಿನ್ನಿನ ಲೋಹದಿಂದ ಐದಾರು ಮಿಲಿಮೀಟರ್ ದೂರದಲ್ಲಿಟ್ಟು, ಪೆಟ್ರೋಲಿನಿಂದ ದೂರವಿರುವ ಜಾಗದಲ್ಲಿ, ಕಿಡಿ ನೋಡಿ. ದಪ್ಪ ನೀಲಿ ಕಿಡಿ ಇದ್ದರೆ ಒಳ್ಳೆಯದು. ಎಳೆಯಂತೆ ತೆಳ್ಳಗೆ, ಕಿತ್ತಳೆ ಬಣ್ಣದಲ್ಲಿದ್ದರೆ ಕಂಡೆನ್ಸರ್ ಮೇಲೆ ನನ್ನ ಸಂದೇಹ. ಕಾಯಿಲ್ ಹೊಸದೇ ಇದೆ, ಕಂಡೆನ್ಸರ್ ಬದಲಾಯಿಸಿದ್ದೀರೆಂದು ನೀವು ಬರೆದಿಲ್ಲ. ಅದು ಬಿಸಿಯಾದಾಗ ಸೋರಿ ತಣ್ಣಗಾದಾಗ ಸರಿಯಾಗುವ ಭಾಗ, ಆದ್ದರಿಂದಲೇ ಗ್ಯಾರೇಜಿನ ಪರೀಕ್ಷೆಗಳಲ್ಲಿ ತಪ್ಪಿಸಿಕೊಳ್ಳುತ್ತದೆ. ಡ್ಯಾಶ್‌ಬೋರ್ಡಿನಲ್ಲಿ ಹೊಸದೊಂದನ್ನು ಇಟ್ಟುಕೊಂಡು ಹೋಗಿ. ಬದಲಾಯಿಸುವಾಗ ಹಳೆಯದರ ವೈರನ್ನು ಬಿಚ್ಚಲೇಬೇಕು, ಜೊತೆಗೆ ಸೇರಿಸಿದರೆ ಸೋರಿಕೆ ಹಾಗೆಯೇ ಉಳಿಯುತ್ತದೆ.

ತುಂಗಾತೀರ (ತೀರ್ಥಹಳ್ಳಿ)

ಶೃಂಗೇರಿಯಲ್ಲಿ ಊಟ ಮುಗಿಸಿ ಬಂದಾಗ ಗಾಡಿ ಹಿಡಿಯಲಿಲ್ಲ. ಧಾರೆ ಚೆನ್ನಾಗಿ ಬರುತ್ತಿತ್ತು, ಕಿಡಿ ಮಾತ್ರ ತೆಳ್ಳಗೆ ಕಿತ್ತಳೆ ಬಣ್ಣದಲ್ಲಿತ್ತು. ಅಲ್ಲಿಯೇ ಕಂಡೆನ್ಸರ್ ಬದಲಾಯಿಸಿದೆ. ಕೀ ತಿರುಗಿಸಿದ ಕೂಡಲೇ ಹಿಡಿಯಿತು. ಮನೆಗೆ ಬಂದು ಪಾಯಿಂಟ್ ತೆಗೆದು ನೋಡಿದರೆ ಒಂದು ಬದಿಯಲ್ಲಿ ಗುಳಿ, ಇನ್ನೊಂದು ಬದಿಯಲ್ಲಿ ಅದಕ್ಕೆ ಸರಿಯಾಗಿ ಉಬ್ಬು ಬಂದಿದೆ. ಉಜ್ಜಿ ಹಾಕಬಹುದೇ?

ಟಪೆಟ್ ಕಿವಿ (ಮಂಗಳೂರು)

ಹೊಸದನ್ನೇ ಹಾಕಿ. ಗುಳಿ ಮತ್ತು ಉಬ್ಬು ಕಂಡೆನ್ಸರ್ ಕೆಟ್ಟಿದ್ದರ ಗುರುತು. ಅಂತರ 0.4ರಿಂದ 0.5 ಮಿಲಿಮೀಟರ್ ಇಡಿ, ತಿರುಗುವ ಭಾಗಕ್ಕೆ ಉಜ್ಜುವ ತುಂಡಿಗೆ ಚೂರೇ ಚೂರು ಗ್ರೀಸ್ ಹಚ್ಚಿ. ಹೆಚ್ಚಾದರೆ ಪಾಯಿಂಟ್ ಮೇಲೆ ಸಿಡಿದು ಮತ್ತೆ ಮಿಸ್ಸಿಂಗ್ ಬರುತ್ತದೆ. ಪಾಯಿಂಟ್ ಅಂತರ ಇಟ್ಟ ನಂತರವೇ ಟೈಮಿಂಗ್ (ಕಿಡಿ ಹಾರುವ ಗಳಿಗೆಯ ಹೊಂದಾಣಿಕೆ) ಮಾಡಿಸಬೇಕು. ಅಂತರ ಹೆಚ್ಚಾದರೆ ಪಾಯಿಂಟ್ ಬೇಗ ತೆರೆದು ಟೈಮಿಂಗ್ ಮುಂದಕ್ಕೆ ಸರಿಯುತ್ತದೆ, ಕಡಿಮೆಯಾದರೆ ಹಿಂದಕ್ಕೆ. ಮೊದಲು ಟೈಮಿಂಗ್ ಮಾಡಿ ಆಮೇಲೆ ಪಾಯಿಂಟ್ ಮುಟ್ಟಿದರೆ ಮಾಡಿದ ಕೆಲಸ ವ್ಯರ್ಥ.

ಕಾಫಿತೋಟ ಕೊಪ್ಪ

ಇದನ್ನೆಲ್ಲ ಓದಿ ನನ್ನ ಗಾಡಿಯ ಪೆಟ್ರೋಲ್ ಪೈಪುಗಳನ್ನೂ ಪಂಪನ್ನೂ ಪರೀಕ್ಷಿಸಿದೆ. ಪೈಪು ಬೆರಳಿನಲ್ಲಿ ಮಡಚಿದರೆ ಬಿರುಕು ಬಿಡುತ್ತಿದೆ, ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಮಟ್ಟ ಮೇಲಿನ ಗೆರೆ ದಾಟಿ ಪೆಟ್ರೋಲ್ ವಾಸನೆ ಬರುತ್ತಿದೆ. ಓಡಿಸಬಹುದೇ?

ಹಳೆಗಾಡಿ ಹುಬ್ಬಳ್ಳಿ

ಓಡಿಸಬೇಡಿ. ಕ್ಯಾಮ್‌ಶಾಫ್ಟ್‌ನಿಂದ ನಡೆಯುವ ಪಂಪಿನ ಡಯಾಫ್ರಮ್ ಹರಿದು ಪೆಟ್ರೋಲ್ ಎಂಜಿನ್ ಆಯಿಲ್‌ಗೆ ಸೇರುತ್ತಿರುವ ಲಕ್ಷಣ ಇದು. ತೆಳುವಾದ ಆಯಿಲ್‌ನಲ್ಲಿ ಬೇರಿಂಗ್ ಉಳಿಯುವುದಿಲ್ಲ, ಬಿರುಕು ಬಿಟ್ಟ ಪೈಪಿನಿಂದ ಬೆಂಕಿಯ ಅಪಾಯವೂ ಇದೆ. ಪಂಪ್ ಬದಲಾಯಿಸಿ, ಆಯಿಲ್ ಮತ್ತು ಫಿಲ್ಟರ್ ಹೊಸದು ಹಾಕಿ, ಎಥನಾಲ್ ತಡೆಯುವ ಪೈಪನ್ನೇ ಕೇಳಿ ಪಡೆದು ಕ್ಲಾಂಪ್ ಸಹಿತ ಬಿಗಿ ಮಾಡಿದ ಮೇಲೆ ಗಾಡಿ ತೆಗೆಯಿರಿ.